ಪಾಲೆಖ್ ಡಬ್ಬಿ: ಕೈಯಲ್ಲಿ ಬರೆದ ಚಿತ್ರವೋ, ಅಂಟಿಸಿದ್ದೋ?

ಪ್ರಶ್ನೆ: ರಷ್ಯಾದಲ್ಲಿ ಓದುತ್ತಿರುವ ಮಗಳು ಕಪ್ಪು ಬಣ್ಣದ, ಮಿರಿಮಿರಿ ಮಿನುಗುವ ಪುಟ್ಟ ಡಬ್ಬಿ ತಂದಿದ್ದಾಳೆ. ಮುಚ್ಚಳದ ಮೇಲೆ ಮೂರು ಕುದುರೆಗಳ ಗಾಡಿಯ ಚಿತ್ರ, ಅಂಚಿನಲ್ಲಿ ಚಿನ್ನದ ಅಕ್ಷರದಲ್ಲಿ ‘ಪಾಲೆಖ್’ ಎಂದಿದೆ. ಕೈಯಲ್ಲೇ ಬರೆದದ್ದು ಎಂದು ಅಂಗಡಿಯವರು ಹೇಳಿದರಂತೆ. ನಂಬಬಹುದಾ? ನಾವಿರುವುದು ಉಡುಪಿಯಲ್ಲಿ, ಇದನ್ನು ಹೇಗೆ ಇಟ್ಟುಕೊಳ್ಳಬೇಕು?

ಉತ್ತರ: ಬರೀ ಆ ಅಕ್ಷರ ನೋಡಿ ನಂಬಬೇಡಿ. ಪಾಲೆಖ್ ಎಂಬುದು ಇಂಥ ಡಬ್ಬಿಗಳಿಗೆ ಹೆಸರಾದ ರಷ್ಯಾದ ಒಂದು ಊರು, ಊರಿನ ಹೆಸರನ್ನು ಯಾರು ಬೇಕಾದರೂ ಬರೆಯಬಹುದು. ಒಂದು ಭೂತಗನ್ನಡಿ ಹಿಡಿದು ಚಿತ್ರವನ್ನೇ ನೋಡಿ. ಅಚ್ಚು ಹಾಕಿದ ಚಿತ್ರವಾದರೆ ಬಣ್ಣ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು ಕಾಣುತ್ತದೆ. ಕೈಯದ್ದಾದರೆ ಕುಂಚದ ಗೆರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಕೂದಲೆಳೆಯಷ್ಟು ಸಣ್ಣ. ಅಚ್ಚಿನ ಚಿತ್ರ ಅಂಟಿಸಿ, ಮೇಲೆ ನಾಲ್ಕು ಚಿನ್ನದ ಗೆರೆ ಎಳೆದು ಮಾರುವವರೂ ಇದ್ದಾರೆ. ಹಾಗಾಗಿ ಚಿನ್ನದ ಗೆರೆ ಬಿಟ್ಟು ಮುಖ, ಕುದುರೆ ಕಾಲು ಇಂಥ ಜಾಗ ನೋಡಿ.

ಪಾಲೆಖ್‌ನವರು ಮೊದಲು ಚರ್ಚುಗಳಿಗೆ ದೇವರ ಚಿತ್ರ ಬರೆಯುತ್ತಿದ್ದರು. 1917ರ ಕ್ರಾಂತಿಯ ನಂತರ ಆ ಕೆಲಸವೇ ನಿಂತುಹೋಯಿತು. ಆಗ ಅಲ್ಲಿನ ಚಿತ್ರಕಾರ ಇವಾನ್ ಗೋಲಿಕೊವ್ ಮತ್ತು ಜೊತೆಗಾರರು ಡಬ್ಬಿಗಳತ್ತ ತಿರುಗಿ, 1924ರಲ್ಲಿ ಸಹಕಾರ ಸಂಘ ಕಟ್ಟಿದರು. ಕೈ ಮಾತ್ರ ಹಳೆಯದೇ: ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣ, ನೀಳವಾದ ಆಕೃತಿಗಳು, ಬಟ್ಟೆಯ ಮಡಿಕೆ ಮಡಿಕೆಗೂ ಚಿನ್ನದ ಎಳೆ. ಆ ಚಿನ್ನ ನಿಜವಾದ ಚಿನ್ನದ ರೇಕು. ಅದನ್ನು ಗೋಂದಿನ ಜೊತೆ ಬೆರಳಲ್ಲಿ ತಿಕ್ಕಿ ತಿಕ್ಕಿ ನುಣ್ಣಗೆ ಮಾಡಿ, ಕುಂಚದಲ್ಲಿ ಎಳೆದು, ಆಮೇಲೆ ತೋಳದ ಹಲ್ಲಿನಿಂದ ಉಜ್ಜಿ ಹೊಳಪು ತರಿಸುತ್ತಾರೆ. ಎಂಥ ತಾಳ್ಮೆಯ ಕೆಲಸ ಅಲ್ವಾ!

ಇದೇ ಮೂರು ಕುದುರೆಯ ಚಿತ್ರ ಮಾಸ್ಕೋ ಹತ್ತಿರದ ಫೆದೋಸ್ಕಿನೊದಲ್ಲೂ ಹಳೆಯ ಅಚ್ಚುಮೆಚ್ಚು. ಆದರೆ ಅವರದು ತೈಲವರ್ಣ. ಒಂದರ ಮೇಲೊಂದು ತೆಳು ಪದರ ಹಾಕುತ್ತಾರೆ, ಕೆಲವದರಲ್ಲಿ ಅಡಿಯಲ್ಲಿ ಮುತ್ತಿನ ಚಿಪ್ಪಿನ ಚೂರು ಕೂರಿಸಿ ಒಳಗಿನಿಂದಲೇ ಬೆಳಕು ಬರುವ ಹಾಗೆ ಮಾಡುತ್ತಾರೆ. ಹಿಮ, ಆಕಾಶ ಎಲ್ಲ ಕಣ್ಣಿಗೆ ಕಂಡ ಹಾಗೇ ಇದ್ದು, ಕೆಳಗೆ ‘ಪಾಲೆಖ್’ ಎಂದಿದ್ದರೆ ಅನುಮಾನ ಪಡಿ. ಮ್‌ಸ್ತ್ಯೋರಾ, ಖೊಲುಯ್ ಎಂಬ ಇನ್ನೆರಡು ಊರುಗಳಲ್ಲೂ ಡಬ್ಬಿ ಮಾಡುತ್ತಾರೆ.

ಇನ್ನು ಡಬ್ಬಿಯ ಮೈ. ಅದು ಮರ ಅಲ್ಲ, ಕಾಗದ! ರಟ್ಟಿನ ಪಟ್ಟಿಗಳಿಗೆ ಹಿಟ್ಟಿನ ಅಂಟು ಬಳಿದು ಅಚ್ಚಿಗೆ ಸುತ್ತಿ, ಒತ್ತಿ, ಅಗಸೆ ಎಣ್ಣೆಯಲ್ಲಿ ನೆನೆಸಿ, ಒಲೆಯಲ್ಲಿ ಒಣಗಿಸುತ್ತಾರೆ. ಆಮೇಲೆ ಅದನ್ನು ಮರದ ಹಾಗೇ ಗರಗಸದಲ್ಲಿ ಕೊಯ್ಯಬಹುದು. ಹೊರಗೆ ಕಪ್ಪು, ಒಳಗೆ ಸಾಮಾನ್ಯವಾಗಿ ಕೆಂಪು. ಚಿತ್ರದ ಮೇಲೆ ಹಲವು ಪದರ ಪಾರದರ್ಶಕ ಮೆರುಗೆಣ್ಣೆ ಹಾಕಿ ಉಜ್ಜುತ್ತಾರೆ. ಒಂದು ಡಬ್ಬಿಗೆ ವಾರಗಳಲ್ಲ, ತಿಂಗಳುಗಳೇ ಬೇಕು. ಅದಕ್ಕೇ ತೀರಾ ಅಗ್ಗಕ್ಕೆ ಸಿಕ್ಕಿದ್ದರೆ ಅದು ಅಚ್ಚಿನ ಚಿತ್ರ ಅಂಟಿಸಿದ್ದೇ ಇರಬೇಕು.

ಉಡುಪಿಯ ಮಳೆಗಾಲದಲ್ಲಿ ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ಬಿಸಿಲು ಬೀಳುವ ಕಿಟಕಿಯೂ ಬೇಡ. ತೇವ, ಬಿಸಿ ಜಾಸ್ತಿ ಏರಿಳಿದರೆ ಮುಚ್ಚಳ ಸೊಟ್ಟಗಾಗುತ್ತದೆ, ಮೆರುಗು ಬಿರುಕು ಬಿಡುತ್ತದೆ. ಒಣಗಿದ ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಸಾಕು. ಸ್ಪಿರಿಟ್, ಸ್ಯಾನಿಟೈಸರ್ ತಾಗಿಸಲೇಬೇಡಿ. ಎಲ್ಲಾದರೂ ಚಕ್ಕೆ ಎದ್ದರೆ ಮನೆಯಲ್ಲಿರುವ ವಾರ್ನಿಷ್ ಬಳಿಯಬೇಡಿ, ಎದ್ದ ಚೂರನ್ನು ಕಾಗದದಲ್ಲಿ ಸುತ್ತಿಟ್ಟು, ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವವರಿಗೆ ತೋರಿಸಿ.