ರಾಜಕಾರಣಿಗಳು ನೇರ ಪ್ರಶ್ನೆಯಿಂದ ಜಾರಿಕೊಳ್ಳುವುದು ಹೇಗೆ?

ಸುಳ್ಳು ಹೇಳಿದರೆ ಸಿಕ್ಕಿಬೀಳುವ ಭಯ, ನಿಜ ಹೇಳಿದರೆ ಮತ ಕಳೆದುಕೊಳ್ಳುವ ಭಯ. ಹಾಗಾಗಿ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತನಾಡುವುದೇ ಅವರಿಗೆ ಕ್ಷೇಮ. ಇದಕ್ಕೆ ವ್ಯಾಕರಣವೂ ನೆರವಾಗುತ್ತದೆ: ‘ನಾನು ತಪ್ಪು ಮಾಡಿದೆ’ ಎನ್ನುವ ಬದಲು ‘ತಪ್ಪುಗಳಾಗಿವೆ’ ಎಂದರೆ ತಪ್ಪು ಉಳಿಯುತ್ತದೆ, ಮಾಡಿದವನು ಮಾಯವಾಗುತ್ತಾನೆ. ಇರಾನ್‌ಗೆ ಶಸ್ತ್ರಾಸ್ತ್ರ ಮಾರಿದ ಹಗರಣದ ಬಗ್ಗೆ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ 1987ರಲ್ಲಿ ಆಡಿದ್ದು ಇದೇ ಧಾಟಿಯ ಮಾತು.

ಇನ್ನೊಂದು ಉಪಾಯವೆಂದರೆ ಕೇಳಿದ್ದನ್ನು ಬಿಟ್ಟು ಅದರ ಪಕ್ಕದ ಪ್ರಶ್ನೆಗೆ ಉತ್ತರಿಸುವುದು. ಕಾರಾಗೃಹ ಇಲಾಖೆಯ ಮುಖ್ಯಸ್ಥರ ನಿರ್ಧಾರವನ್ನು ತಳ್ಳಿಹಾಕುವುದಾಗಿ ಬೆದರಿಸಿದ್ದಿರಾ ಎಂದು 1997ರಲ್ಲಿ ಬಿಬಿಸಿಯ ಜೆರೆಮಿ ಪ್ಯಾಕ್ಸ್‌ಮನ್ ಬ್ರಿಟನ್ನಿನ ಮಾಜಿ ಗೃಹ ಸಚಿವ ಮೈಕೆಲ್ ಹೋವರ್ಡ್ ಅವರನ್ನು ಹತ್ತಕ್ಕೂ ಹೆಚ್ಚು ಬಾರಿ ಕೇಳಿದರು. ತಾವು ಆದೇಶಿಸಲಿಲ್ಲ, ಆದೇಶಿಸುವ ಅಧಿಕಾರವೂ ತಮಗಿರಲಿಲ್ಲ ಎಂದರು ಹೋವರ್ಡ್. ಕೇಳಿದ್ದು ಮಾತ್ರ ಬೆದರಿಕೆಯ ಬಗ್ಗೆ!