ಹೊಳೆದಂಡೆಯ ಹರಿಹರ: ಓದುಗರ ಪ್ರಶ್ನೆ, ನಮ್ಮ ಉತ್ತರ

ತುಂಗಭದ್ರೆಯ ದಂಡೆಯ ಹರಿಹರಕ್ಕೆ ಹೋಗಿಬರುವ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಈ ಬಾರಿ ಆರಿಸಿಕೊಂಡಿದ್ದೇವೆ. ಒಂದೇ ವಿಷಯವನ್ನು ಕೇಳಿದ್ದ ಪತ್ರಗಳನ್ನು ಕೂಡಿಸಿ ಒಂದು ಮಾಡಿದ್ದೇವೆ.

ಪ್ರಶ್ನೆ: ಬರುವ ರಜೆಯಲ್ಲಿ ಒಂದು ದಿನ ತಾಯಿಯವರನ್ನೂ ಮಕ್ಕಳನ್ನೂ ಕರೆದುಕೊಂಡು ಹರಿಹರಕ್ಕೆ ಹೋಗಬೇಕೆಂದಿದ್ದೇವೆ. ಹಿಂದೊಮ್ಮೆ ಹುಬ್ಬಳ್ಳಿಗೆ ಹೋಗುವಾಗ ಕಾರು ನಿಲ್ಲಿಸಿ, ಇಪ್ಪತ್ತು ನಿಮಿಷದಲ್ಲಿ ಕೈಮುಗಿದು ಹೊರಟಿದ್ದೆವು. ಬೇಲೂರಿನಂತಹ ಶಿಲ್ಪವೇನೂ ಕಾಣಲಿಲ್ಲ. ಇಡೀ ದಿನ ನೋಡುವಂಥದ್ದು ಅಲ್ಲಿ ಏನಿದೆ? (ಚಿತ್ರದುರ್ಗದ ಓದುಗರು)

ಉತ್ತರ: ಬೇಲೂರನ್ನು ಮನಸ್ಸಿನಲ್ಲಿಟ್ಟುಕೊಂಡು ಹರಿಹರಕ್ಕೆ ಹೋದವರಿಗೆ ಈ ನಿರಾಸೆ ತಪ್ಪಿದ್ದಲ್ಲ, ಏಕೆಂದರೆ ಬೇಲೂರಿನಲ್ಲಿ ಗುಡಿಯನ್ನು ಸುತ್ತು ಹಾಕುತ್ತ ಹೊರಗೋಡೆಯನ್ನು ನೋಡಬೇಕು, ಹರಿಹರದಲ್ಲಿ ಒಳಗೆ ಹೋಗಿ ಕುಳಿತುಕೊಳ್ಳಬೇಕು. ಹರಿಹರೇಶ್ವರ ದೇವಾಲಯದ ರಂಗಮಂಟಪಕ್ಕೆ ಮಾಡಿನವರೆಗೆ ಏರುವ ಗೋಡೆಯೇ ಇಲ್ಲ. ಸುತ್ತಲೂ ಇರುವುದು ಸುಮಾರು ಒಂದು ಮೀಟರ್ ಎತ್ತರದ ಜಗಲಿಗೋಡೆ, ಅದಕ್ಕೆ ಒಳಗಿನಿಂದ ಹೊಂದಿಕೊಂಡ ಕಲ್ಲಿನ ಆಸನ, ಅದರ ಅಂಚಿನಲ್ಲಿ ಸೂರಿಗೆ ಹೆಗಲು ಕೊಟ್ಟು ನಿಂತ ಗಿಡ್ಡ ಕಂಬಗಳು. ಹೀಗಾಗಿ ಬೆಳಗಿನ ಬೆಳಕು ಮಂಟಪದ ನಡುವಿನವರೆಗೂ ಹರಿದು ಬರುತ್ತದೆ. ಹೊಯ್ಸಳ ಅರಸ ವೀರ ನರಸಿಂಹನ, ಅಂದರೆ ಎರಡನೆಯ ನರಸಿಂಹನ, ದಂಡನಾಯಕನಾಗಿದ್ದ ಪೋಲಾಳ್ವನು 1224ರ ಸುಮಾರಿಗೆ ಈ ಗುಡಿಯನ್ನು ಕಟ್ಟಿಸಿದನು. ಸೋಮನಾಥಪುರದ ಕೇಶವ ದೇವಾಲಯವನ್ನು 1258ರಲ್ಲಿ ಪೂರ್ಣಗೊಳಿಸಿದ ಅದೇ ಸೋಮ ದಂಡನಾಯಕನು, ಮೂರನೆಯ ನರಸಿಂಹನ ಕಾಲದಲ್ಲಿ, 1268ರಲ್ಲಿ ಇದಕ್ಕೆ ಇನ್ನಷ್ಟು ಸೇರಿಸಿದನು. ಗರ್ಭಗುಡಿಯ ಮೇಲಿನ ಮೂಲ ಶಿಖರ ಈಗ ಉಳಿದಿಲ್ಲ. ನೀವು ದೂರದಿಂದ ನೋಡಿ ಸಪ್ಪೆ ಎಂದುಕೊಂಡದ್ದು ಬಹುಶಃ ಅನಂತರ ಇಟ್ಟಿಗೆ ಗಾರೆಯಲ್ಲಿ ಕಟ್ಟಿದ ಶಿಖರವನ್ನು.

ಮಂಟಪದ ಕಂಬಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು. ಹೊಯ್ಸಳ ಶಿಲ್ಪಿಗಳು ಬಳಸುತ್ತಿದ್ದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಆದ್ದರಿಂದಲೇ ಅದನ್ನು ಮರದ ಬುಗುರಿಯಂತೆ ತಿರುಗಣೆಗೆ ಕೊಟ್ಟು, ಉಳಿ ಹಿಡಿದು, ಬಳೆಬಳೆಯಾಗಿ ಕಡೆಯಲು ಸಾಧ್ಯವಾಯಿತು. ಕೆಲವು ವರ್ಷಗಳ ಹಿಂದೆ ನಾನು ಅದೇ ಕಲ್ಲಾಸನದ ಮೇಲೆ ಕುಳಿತಿದ್ದಾಗ ಹಿರಿಯರೊಬ್ಬರು ಬಂದು, ದೇವರ ಕಡೆಗೆ ಹೋಗದೆ, ಒಂದು ಕಂಬದ ಮುಂದೆ ನಿಂತರು. ಹೆಬ್ಬೆರಳಿನ ಉಗುರನ್ನು ಕಂಬದ ಕೊರಳಿನ ಗೀರುಗಳ ಮೇಲೆ ಮೆಲ್ಲಗೆ ಎಳೆದು, ‘ಇದು ಕೈಯಾಗ ಕೆತ್ತಿದ್ದಲ್ಲ ಸರ್, ತಿರುವಿ ಮಾಡಿದ್ದು. ಸೆಂಟರ್ ಒಂಚೂರೂ ತಪ್ಪಿಲ್ಲ ನೋಡ್ರಿ’ ಎಂದರು. ವಿಚಾರಿಸಿದಾಗ ಅವರು ಈ ಊರಿನ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್‌ಗಳನ್ನು, ಅಂದರೆ ಲೋಹವನ್ನು ತಿರುಗಿಸಿ ಕಡೆಯುವ ಯಂತ್ರಗಳನ್ನು, ಜೋಡಿಸುತ್ತ ನಿವೃತ್ತರಾದವರೆಂದು ತಿಳಿಯಿತು. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ದೇಶಕ್ಕೆಲ್ಲ ಲೇತ್ ಯಂತ್ರಗಳನ್ನು ಮಾಡಿ ಕಳುಹಿಸಿದ್ದು ಹರಿಹರದಿಂದಲೇ. ಈಗ ಅದು ಮುಚ್ಚಿದೆ. ಲೇತ್‌ನಲ್ಲಿ ಕಡೆದ ಕಲ್ಲುಕಂಬಗಳ ಊರಿಗೇ ಏಳುನೂರು ವರ್ಷಗಳ ಬಳಿಕ ಲೇತ್ ಕಾರ್ಖಾನೆ ಬಂದದ್ದು ಕಾಕತಾಳೀಯವೇ ಇರಬಹುದು, ಆದರೆ ಅಂದಿನಿಂದ ಆ ಕಂಬಗಳನ್ನು ನಾನು ಅವರ ಉಗುರಿನ ಮೂಲಕವೇ ನೋಡುತ್ತೇನೆ. ಮಕ್ಕಳಿಗೂ ಇದನ್ನೇ ತೋರಿಸಿ, ಎರಡು ಕಂಬಗಳ ಬಳೆಗಳನ್ನು ಎಣಿಸಿ ಹೋಲಿಸಲು ಹೇಳಿ. ಆ ಬಳಿಕ ಕತ್ತೆತ್ತಿ ಭುವನೇಶ್ವರಿಗಳ, ಅಂದರೆ ಸೂರಿನ ಕೆತ್ತನೆಯ ಅಂಕಣಗಳ, ಕಮಲಗಳನ್ನು ನೋಡಲಿ.

ಪ್ರಯಾಣದ ಮಾತು. ಚಿತ್ರದುರ್ಗದಿಂದ ದಾವಣಗೆರೆಗೆ ಸುಮಾರು 60 ಕಿ.ಮೀ., ಅಲ್ಲಿಂದ ಹರಿಹರಕ್ಕೆ ಮತ್ತೆ 14 ಕಿ.ಮೀ.; ಎಲ್ಲವೂ ಹೆದ್ದಾರಿ. ರೈಲಿನ ಆಸೆಯಿದ್ದರೆ, ನೇರ ಗಾಡಿ ಸಿಗದಿದ್ದಾಗ ನಿಮ್ಮೂರಿನವರು ಚಿಕ್ಕಜಾಜೂರಿನಲ್ಲಿ ಗಾಡಿ ಬದಲಿಸಬೇಕಾಗುತ್ತದೆ, ವಯಸ್ಸಾದವರೊಂದಿಗೆ ಅದು ಬೇಡ. ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕುವುದು ಗುಡಿಗಳ ರೂಢಿಯಾದ್ದರಿಂದ ಬೆಳಗ್ಗೆಯೇ ದರ್ಶನ ಮುಗಿಸಿ, ಮಂಟಪದಲ್ಲಿ ಒಂದು ಗಂಟೆಯಾದರೂ ಕುಳಿತು, ಬಿಸಿಲು ಇಳಿದ ಮೇಲೆ ಹೊಳೆಯ ಕಡೆಗೆ ಹೋಗಿ. ತುಂಗಭದ್ರೆಗೆ 1868ರಲ್ಲಿ ಕಟ್ಟಿ ಮುಗಿಸಿದ, ಒಂದೊಂದೂ 60 ಅಡಿ ಅಗಲದ 14 ಕಮಾನುಗಳ ಕಲ್ಲು–ಇಟ್ಟಿಗೆಯ ಸೇತುವೆಯನ್ನು ಸಂಜೆಯ ಬೆಳಕಿನಲ್ಲಿ ನೋಡಬೇಕು. ಧಾರವಾಡದ ಕಡೆಗೆ ಹೋಗುವ ಹೆದ್ದಾರಿಗೆಂದು ಕಟ್ಟಿದ್ದು ಅದು. ಹರಿಹರದ ಆರೋಗ್ಯಮಾತೆಯ ಚರ್ಚ್ ಕೂಡ ಯಾತ್ರಾಸ್ಥಳವೇ. ಸೆಪ್ಟೆಂಬರ್ 8ರ ಹಬ್ಬಕ್ಕೆ ಎಲ್ಲ ಧರ್ಮದವರೂ ಸೇರುತ್ತಾರೆ. ರಾಜನಹಳ್ಳಿಯ ವಾಲ್ಮೀಕಿ ಗುರುಪೀಠವೂ ಇದೇ ತಾಲ್ಲೂಕಿನಲ್ಲಿದೆ. ಆದರೆ ಒಂದೇ ದಿನದಲ್ಲಿ ಎಲ್ಲವನ್ನೂ ತುರುಕುವುದನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ: ಹರಿಹರೇಶ್ವರನ ಮೂರ್ತಿಯಲ್ಲಿ ಬಲಭಾಗ ಹರ, ಎಡಭಾಗ ಹರಿ ಎಂದು ಕೇಳಿದ್ದೇನೆ. ಎದುರಿಗೆ ನಿಂತು ನೋಡಿದರೆ ಅದು ತಿರುಗುಮುರುಗಾಗಿ ಕಾಣುತ್ತದೆ. ಯಾವುದು ಸರಿ? ಈ ಕೂಡುರೂಪ ಏಕೆ ಬಂತು? (ದಾವಣಗೆರೆಯ ಓದುಗರು)

ಉತ್ತರ: ಕೇಳಿದ್ದೂ ಸರಿ, ಕಂಡದ್ದೂ ಸರಿ. ಮೂರ್ತಿಶಾಸ್ತ್ರದಲ್ಲಿ ಬಲ ಎಂದರೆ ಮೂರ್ತಿಯ ಬಲ, ನೋಡುವವನ ಬಲವಲ್ಲ. ಆದ್ದರಿಂದ ನಿಮ್ಮ ಎಡಗೈ ಕಡೆಗೆ ಕಾಣುವುದು ಹರ, ಬಲಗೈ ಕಡೆಗೆ ಕಾಣುವುದು ಹರಿ. ಅಲಂಕಾರ ಹೆಚ್ಚಿದ್ದ ದಿನ ಹೂವು ವಸ್ತ್ರಗಳ ನಡುವೆ ಈ ಭೇದ ಮರೆಯಾಗಿಬಿಡುತ್ತದೆ. ಇಂತಹ ಮೂರ್ತಿಗಳಲ್ಲಿ ನೋಡಬೇಕಾದದ್ದು ನೆತ್ತಿಯ ನಡುವಿನಿಂದ ಕೆಳಗಿಳಿಯುವ ಕಾಣದ ಗೆರೆಯನ್ನು, ಅದರ ಒಂದು ಕಡೆ ಜಟೆ, ಇನ್ನೊಂದು ಕಡೆ ಕಿರೀಟ, ಒಂದು ಕಡೆ ಶಿವನ ಆಯುಧ, ಇನ್ನೊಂದು ಕಡೆ ಶಂಖ ಚಕ್ರ.

ಸ್ಥಳಪುರಾಣದ ಪ್ರಕಾರ ಈ ಪ್ರದೇಶ ಗುಹಾಸುರನೆಂಬ ರಾಕ್ಷಸನ ಗುಹಾರಣ್ಯವಾಗಿತ್ತು. ಹರಿಯಿಂದಲೂ ಹರನಿಂದಲೂ ತನಗೆ ಸಾವು ಬಾರದಂತೆ ಅವನು ಬ್ರಹ್ಮನಿಂದ ವರ ಪಡೆದಿದ್ದನು. ಇಬ್ಬರನ್ನೂ ಹೆಸರಿಸಿ ಬಾಗಿಲು ಮುಚ್ಚಿಕೊಂಡ ಜಾಣ, ಇಬ್ಬರೂ ಒಂದಾಗಿ ಬಂದರೆ ಏನು ಗತಿ ಎಂಬುದನ್ನು ಮಾತ್ರ ಕೇಳಿಕೊಂಡಿರಲಿಲ್ಲ. ಒಳ್ಳೆಯ ವಕೀಲರಿಲ್ಲದೆ ಬರೆಸಿಕೊಂಡ ಪತ್ರದಂತಾಯಿತು ಅವನ ವರ. ಹರಿಹರ ರೂಪ ಹುಟ್ಟಿದ್ದು ಆ ಸಂದಿನಲ್ಲಿ.

ರೂಪದ ಕಲ್ಪನೆ ಈ ಗುಡಿಗಿಂತ ಬಹಳ ಹಳೆಯದು. 6ನೆಯ ಶತಮಾನದ ಬಾದಾಮಿಯ ಮೊದಲ ಗುಹೆಯಲ್ಲಿ ಹರಿಹರನೂ ಇದ್ದಾನೆ, ಅರ್ಧನಾರೀಶ್ವರನೂ ಇದ್ದಾನೆ. ಇವೆರಡನ್ನೂ ಒಟ್ಟಿಗೆ ನೋಡಿದವರಿಗೆ ಒಂದು ಸಂಗತಿ ಹೊಳೆಯುತ್ತದೆ: ಅರ್ಧನಾರೀಶ್ವರನಲ್ಲಿ ಪಾರ್ವತಿಗೆ ಸಲ್ಲುವ ಎಡಭಾಗವೇ ಹರಿಹರನಲ್ಲಿ ವಿಷ್ಣುವಿಗೆ ಸಲ್ಲುತ್ತದೆ. ನಮ್ಮ ತಾಯಿಗೆ ಈ ಶಾಸ್ತ್ರವೇನೂ ತಿಳಿದಿರಲಿಲ್ಲ. ಹರಿಹರಕ್ಕೆ ಹೊರಟಾಗ ಒಂದೇ ಒದ್ದೆ ಬಟ್ಟೆಯಲ್ಲಿ ಬಿಲ್ವವನ್ನೂ ತುಳಸಿಯನ್ನೂ ಸುತ್ತಿ, ಹಣ್ಣುಕಾಯಿಯ ಬುಟ್ಟಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಮನೆಯ ದೇವರ ಮುಂದೆ ಯಾವ ಪತ್ರೆ ಯಾರಿಗೆ ಎಂದು ನಮ್ಮನ್ನು ಗದರಿಸುತ್ತಿದ್ದವರು ಆ ದಿನ ಮಾತ್ರ ಗದರಿಸುತ್ತಿರಲಿಲ್ಲ.

ಪ್ರಶ್ನೆ: ಹರಿಹರದಲ್ಲಿ ಹೊಳೆಸ್ನಾನ ಮಾಡಬಹುದೇ? ಯಾವ ತಿಂಗಳು ಒಳ್ಳೆಯದು? (ಜಗಳೂರಿನ ಓದುಗರು)

ಉತ್ತರ: ಕೆರೆಬಾವಿಗಳ ಸೀಮೆಯ ಜಗಳೂರಿನವರಿಗೆ ಈ ಹೊಳೆಯ ನಡತೆಯನ್ನು ಮೊದಲು ಹೇಳಬೇಕು. ತುಂಗೆಯೂ ಭದ್ರೆಯೂ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ಸೇರಿ, ಹೊನ್ನಾಳಿಯನ್ನು ದಾಟಿ ಹರಿಹರಕ್ಕೆ ಬರುತ್ತವೆ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆ 186 ಅಡಿಯದು, ದೊಡ್ಡದು. ಅದು ತುಂಬಲು ಕಾಲ ಬೇಕು. ಗಾಜನೂರಿನ ತುಂಗಾ ಅಣೆಕಟ್ಟೆ ಚಿಕ್ಕದು. ಮುಂಗಾರು ಜೋರಾದ ಕೆಲವೇ ದಿನಗಳಲ್ಲಿ ತುಂಬಿ, ಬಂದ ನೀರನ್ನೆಲ್ಲ ಹೊಳೆಗೆ ಬಿಡಬೇಕಾಗುತ್ತದೆ. ಹೀಗಾಗಿ ಹರಿಹರದಲ್ಲಿ ಒಂದು ಹನಿ ಮಳೆಯಿಲ್ಲದೆ ಬಿಸಿಲು ಹೊಡೆಯುತ್ತಿದ್ದರೂ, ಆಗುಂಬೆ ಶೃಂಗೇರಿಗಳ ಮಳೆ ಇಲ್ಲಿಯ ಮೆಟ್ಟಿಲುಗಳನ್ನು ಒಂದೊಂದಾಗಿ ನುಂಗುತ್ತ ಬರುತ್ತದೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ನೀರಿಗೆ ಇಳಿಯಲೇಬೇಡಿ. ಚೊಂಬಿನಲ್ಲಿ ಮೊಗೆದು ತಲೆಗೆ ಪ್ರೋಕ್ಷಿಸಿಕೊಂಡರೂ ಸ್ನಾನವೇ.

ಮಳೆಗಾಲ ಮುಗಿದ ಮೇಲೂ ಎರಡು ಎಚ್ಚರಿಕೆ. ಪ್ರವಾಹ ಇಳಿದಾಗ ಮೆಟ್ಟಿಲುಗಳ ಮೇಲೆ ರೇವೆ ಕುಳಿತಿರುತ್ತದೆ, ಒಣಗಿದಂತೆ ಕಂಡರೂ ಜಾರುತ್ತದೆ. ನಾನು ಒಮ್ಮೆ ಕೈಯಲ್ಲಿದ್ದ ತಾಮ್ರದ ಚೊಂಬನ್ನೂ ಸೊಂಟದ ನೆಮ್ಮದಿಯನ್ನೂ ಅಲ್ಲಿ ಕಳೆದುಕೊಂಡಿದ್ದೇನೆ. ಎರಡನೆಯದು, ಮರಳು ತೆಗೆದ ಗುಂಡಿಗಳು. ಬೇಸಿಗೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿರುವವನು ಒಂದೇ ಹೆಜ್ಜೆಗೆ ಆಳಕ್ಕೆ ಇಳಿಯುವುದು ಇಂತಹ ಗುಂಡಿಗಳಿಂದ. ಕಟ್ಟಿದ ಮೆಟ್ಟಿಲಿನ ಹತ್ತಿರವೇ ಮೀಯಿರಿ, ಮಕ್ಕಳ ಕೈ ಬಿಡಬೇಡಿ. ‘ತುಂಗಾ ಪಾನ, ಗಂಗಾ ಸ್ನಾನ’ ಎಂಬ ಮಾತನ್ನು ನಂಬಿ ನೀರು ಕುಡಿಯುವ ವಿಚಾರ ಬಂದರೆ, ಆ ಮಾತು ಮಲೆನಾಡಿನ ತುಂಗೆಯದು. ಇಷ್ಟು ಊರುಗಳನ್ನು ದಾಟಿ ಬಂದ ನೀರಿಗೆ ಅದನ್ನು ಅನ್ವಯಿಸಬೇಡಿ. ನನ್ನನ್ನು ಕೇಳಿದರೆ ನವೆಂಬರ್‌ನಿಂದ ಫೆಬ್ರುವರಿಯವರೆಗೆ ಹೋಗುವುದು ಹಿತ.

ಪ್ರಶ್ನೆ: ಕವಿ ಹರಿಹರನಿಗೂ ಈ ಊರಿಗೂ ಸಂಬಂಧವಿದೆಯೇ? ಊರಿನ ಹಳೆಯ ಹೆಸರೇನು? ಶಾಸನಗಳನ್ನು ಎಲ್ಲಿ ಹುಡುಕಬೇಕು? (ಹಿರಿಯೂರಿನ ವಿದ್ಯಾರ್ಥಿನಿ)

ಉತ್ತರ: ಕವಿ ಹರಿಹರ ಹಂಪೆಯವನು, ವಿರೂಪಾಕ್ಷನ ಭಕ್ತ; ವಿಜಯನಗರದ ಹರಿಹರ ಅರಸು. ಇಬ್ಬರ ಹೆಸರೂ ಊರಿನ ಹೆಸರೂ ಒಂದೇ ದೇವರಿಂದ ಬಂದವೇ ಹೊರತು ಅವರಲ್ಲಿ ಯಾರೂ ಊರಿಗೆ ಹೆಸರು ಕೊಟ್ಟವರಲ್ಲ. ಶಾಸನಗಳಲ್ಲಿ ಊರು ಕೂಡಲೂರು ಎಂದು ಬರುತ್ತದೆ. ಸೂಳೆಕೆರೆಯ ಕಡೆಯಿಂದ ಬರುವ ಹರಿದ್ರಾ ಹಳ್ಳ ತುಂಗಭದ್ರೆಯನ್ನು ಕೂಡುವುದು ಇಲ್ಲಿಯೇ, ಆದ್ದರಿಂದ ಆ ಹೆಸರು. ಹೊಳೆ ಕೂಡುವ ಊರಿನಲ್ಲಿಯೇ ದೇವರೂ ಕೂಡಿ ನಿಂತಿದ್ದಾನೆ ಎಂಬುದನ್ನು ನೀವು ಪ್ರಬಂಧದಲ್ಲಿ ಬರೆಯುವುದಾದರೆ ಹೊಗಳಿಕೆಯಾಗಿ ಬರೆಯಿರಿ, ಪುರಾವೆಯಾಗಿ ಬೇಡ.

ಗುಡಿಯ ಆವರಣದಲ್ಲಿಯೇ 13ನೆಯ ಶತಮಾನದಿಂದ ಈಚಿನ ಹಳಗನ್ನಡ ಶಾಸನಗಳಿವೆ. ಅಚ್ಚಿನಲ್ಲಿ ಬೇಕೆಂದರೆ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 11ನೆಯ, ಅಂದರೆ ಚಿತ್ರದುರ್ಗ ಜಿಲ್ಲೆಯ, ಸಂಪುಟವನ್ನು ತೆಗೆಯಿರಿ. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಆ ಸಂಪುಟದಲ್ಲಿಯೂ ಹರಿಹರವನ್ನು ಹುಡುಕಿ ಸೋಲಬೇಡಿ, ಈ ಶಾಸನಗಳು ದಾವಣಗೆರೆ ತಾಲ್ಲೂಕಿನ ಅಡಿಯಲ್ಲಿವೆ. ಪೋಲಾಳ್ವನ ಶಾಸನದ ಜೊತೆಗೆ, ಹೊಯ್ಸಳರ ವೈರಿಗಳಾದ ದೇವಗಿರಿಯ ಸೇವುಣರ ದಂಡನಾಯಕ ಸಾಳುವ ತಿಕ್ಕಮನ ಶಾಸನವನ್ನೂ ಓದಿ. ಗಡಿಸೀಮೆಯ ಗುಡಿಗೆ ಎರಡೂ ಕಡೆಯವರು ನಡೆದುಕೊಂಡದ್ದು ಅಲ್ಲಿ ತಿಳಿಯುತ್ತದೆ.

ಪ್ರಶ್ನೆ: ಹರಿಹರಕ್ಕೆ ಹೋದ ದಿನವೇ ಉಕ್ಕಡಗಾತ್ರಿಗೂ ಹೋಗಿಬರಬಹುದೇ? ಅಮಾವಾಸ್ಯೆಯ ದಿನವೇ ಹೋಗಬೇಕೆಂದು ಅತ್ತೆಯವರ ಹಟ. (ಹೊಳಲ್ಕೆರೆಯ ಓದುಗರು)

ಉತ್ತರ: ಉಕ್ಕಡಗಾತ್ರಿಯೂ ಹರಿಹರ ತಾಲ್ಲೂಕಿನ ಹೊಳೆದಂಡೆಯ ಕ್ಷೇತ್ರವೇ, ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆ ಅಲ್ಲಿದೆ. ಮಲೇಬೆನ್ನೂರು ಸೀಮೆಯ ಭತ್ತದ ಗದ್ದೆಗಳ ನಡುವಿನ ದಾರಿ ಚೆನ್ನಾಗಿಯೇ ಇರುತ್ತದೆ, ಮಾಮೂಲಿ ದಿನವಾದರೆ ಬೆಳಗ್ಗೆ ಹರಿಹರ, ಮಧ್ಯಾಹ್ನದ ಮೇಲೆ ಉಕ್ಕಡಗಾತ್ರಿ ಸಾಧ್ಯ. ಅಮಾವಾಸ್ಯೆಯಂದು ಸಾಧ್ಯವಿಲ್ಲ. ಗಾಳಿ, ದೆವ್ವದ ಕಾಟವೆಂದು ನಂಬಿದವರನ್ನು ಅಜ್ಜಯ್ಯನ ಬಳಿಗೆ ಕರೆತರುವುದು ಅಲ್ಲಿ ಬಹಳ ಹಿಂದಿನಿಂದ ನಡೆದುಬಂದಿದೆ. ಆ ದಿನದ ಜನಸಂದಣಿ, ಕೂಗು, ಅಳು ಚಿಕ್ಕ ಮಕ್ಕಳನ್ನು ಹೆದರಿಸಬಹುದು. ಮನೆಯಲ್ಲಿ ಯಾರಿಗಾದರೂ ಮನಸ್ಸಿನ ಕಾಯಿಲೆಯಿದ್ದು ಅದಕ್ಕಾಗಿಯೇ ಹೊರಟಿದ್ದರೆ, ವೈದ್ಯರು ಕೊಟ್ಟ ಮಾತ್ರೆಯನ್ನು ಯಾತ್ರೆಯ ನೆಪದಲ್ಲಿ ನಿಲ್ಲಿಸಬೇಡಿ. ಮಳೆಗಾಲದಲ್ಲಿ ಹೊಳೆ ಉಕ್ಕಿದರೆ ಫತ್ತೇಪುರದ ಕಡೆಯ ರಸ್ತೆಯೂ ಸ್ನಾನಘಟ್ಟದ ಅಂಗಡಿಗಳೂ ನೀರಿನಲ್ಲಿ ಮುಳುಗುತ್ತವೆ, ಹೊರಡುವ ಮೊದಲು ವಿಚಾರಿಸಿ. ಅತ್ತೆಯವರನ್ನು ಅಮಾವಾಸ್ಯೆಗೆ ನೀವೊಬ್ಬರೇ ಕರೆದುಕೊಂಡು ಹೋಗಿ. ಮಕ್ಕಳೊಂದಿಗೆ ಹರಿಹರಕ್ಕೆ ಹೋಗುವ ದಿನವನ್ನು ಬೇರೆಯಾಗಿಯೇ ಇಟ್ಟುಕೊಂಡು, ವಾಪಸು ಬರುವಾಗ ದಾವಣಗೆರೆಯಲ್ಲಿ ಇಳಿದು ಅವರಿಗೆ ಬೆಣ್ಣೆದೋಸೆ ಕೊಡಿಸಿ.