ಫಿಶರ್ ಏಮ್ಸ್ ಕಾಂಗ್ರೆಸ್ ತೊರೆದದ್ದೇಕೆ?
ಫಿಶರ್ ಏಮ್ಸ್ ಅವರು 1797ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಿಂದ ಹೊರಬಂದದ್ದು ಚುನಾವಣೆಯಲ್ಲಿ ಸೋತಿದ್ದರಿಂದಲೇ ಎಂದು ತಾವು ಕೇಳಿದ್ದೀರಿ. ಸೋಲಲ್ಲ, ಅನಾರೋಗ್ಯವೇ ಕಾರಣ. ಮ್ಯಾಸಚೂಸೆಟ್ಸ್‌ನ ಡೆಡಮ್‌ನಲ್ಲಿ 1758ರಲ್ಲಿ ಹುಟ್ಟಿ ವಕೀಲರಾದ ಅವರು, ಮೊದಲ ಕಾಂಗ್ರೆಸ್ಸಿನ ಚುನಾವಣೆಯಲ್ಲಿ ಸ್ವಾತಂತ್ರ್ಯ ಹೋರಾಟದ ಹಿರಿಯ ನಾಯಕ ಸ್ಯಾಮ್ಯುಯೆಲ್ ಆಡಮ್ಸ್ ಅವರನ್ನೇ ಸೋಲಿಸಿದ್ದರು.

ಅವರ ದೇಹಸ್ಥಿತಿ ಎಷ್ಟು ಕುಸಿದಿತ್ತೆಂಬುದು 1796ರ ಏಪ್ರಿಲ್ 28ರ ಭಾಷಣದಿಂದಲೇ ತಿಳಿಯುತ್ತದೆ. ಬ್ರಿಟನ್ನಿನೊಂದಿಗಿನ ವಿವಾದಗಳನ್ನು ಬಗೆಹರಿಸಲು ಮಾಡಿಕೊಂಡ ಜೇ ಒಪ್ಪಂದವನ್ನು ಜಾರಿಗೆ ತರಲು ಹಣ ಮಂಜೂರು ಮಾಡದಿದ್ದರೆ, ಜೀವದ ಹಿಡಿತ ಕಡಿದುಹೋಗುವಂತಿರುವ ತಾನೂ ಈ ದೇಶದ ಸಂವಿಧಾನಕ್ಕಿಂತ ಹೆಚ್ಚು ಕಾಲ ಬದುಕಬಹುದು ಎಂಬರ್ಥದ ಮಾತನ್ನು ಅವರು ಅಂದು ಆಡಿದರು. ನನ್ನ ದೃಷ್ಟಿಯಲ್ಲಿ ಅದು ಆ ಕಾಲದ ಅತ್ಯಂತ ಹೃದಯಸ್ಪರ್ಶಿ ಭಾಷಣ. ಎರಡು ದಿನಗಳ ಬಳಿಕ ಮಂಜೂರಾತಿಗೆ 51–48 ಮತಗಳ ಬೆಂಬಲ ದೊರೆಯಿತು. 1805ರಲ್ಲಿ ಹಾರ್ವರ್ಡ್ ಅಧ್ಯಕ್ಷ ಪದವಿಯನ್ನೂ ಅನಾರೋಗ್ಯದಿಂದಲೇ ನಿರಾಕರಿಸಿದ ಅವರು, 1808ರ ಜುಲೈ 4ರಂದು ನಿಧನರಾದರು.